ನಿಮ್ಮ ಫೋನನ್ನು ಇನ್ಯಾರೋ ನೋಡುತ್ತಿದ್ದಾರಾ? ಹುಡುಕುವ ಮೊದಲು, ಹುಡುಕುವಾಗ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮೊದಲು ಒಂದು ಕೋರಿಕೆ. ನಿಮ್ಮ ಫೋನಿನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಎಂಬ ಗಟ್ಟಿ ಅನುಮಾನ ನಿಮಗಿದ್ದರೆ, ನಾನು ಹೇಳುತ್ತಾ ಹೋದ ಹಾಗೆ ಇಲ್ಲೇ ಕೂತು ಅದೇ ಫೋನಿನಲ್ಲಿ ಒತ್ತಿ ಒತ್ತಿ ನೋಡಬೇಡಿ. ಸುಮ್ನೆ ಕೇಳಿಸಿಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಉಳಿದವರು ಫೋನ್ ಕೈಗೆ ತೆಗೆದುಕೊಳ್ಳಬಹುದು.

"ಸ್ಪೈವೇರ್ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದವರನ್ನು ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮೇಲೆ ಕಣ್ಣಿಡಬೇಕು ಅಂತ ಯಾರಿಗೆ ಅನ್ನಿಸಬಹುದು? ಎಲ್ಲಿ ಹುಡುಕಬೇಕು ಅನ್ನುವುದೆಲ್ಲ ಆ ಉತ್ತರದ ಮೇಲೆ ನಿಂತಿದೆ. ಸರಕಾರಗಳಿಗೆ ಮಾತ್ರ ಮಾರುವ ದುಬಾರಿ ತಂತ್ರಾಂಶ ಬೇರೆ. ನಿಮ್ಮ ಬ್ಯಾಂಕ್ ಖಾತೆಗೆ ಕೈ ಹಾಕುವ ಕಳ್ಳರ ಆ್ಯಪ್ ಬೇರೆ. ನಿಮ್ಮ ಪಿನ್ ಗೊತ್ತಿರುವ, ನಿಮ್ಮ ಜತೆಗೇ ಇರುವ, ಇಲ್ಲವೇ ಮೊನ್ನೆಮೊನ್ನೆವರೆಗೂ ಜತೆಗಿದ್ದ ಒಬ್ಬರು ಹಾಕಿದ್ದು ಬೇರೆ. ಮೂರಕ್ಕೂ ನಾವು ಸ್ಪೈವೇರ್ ಅಂತಲೇ ಹೇಳುತ್ತೇವೆ. ಸುದ್ದಿಯಲ್ಲಿ ಬರುವುದು ಹೆಚ್ಚಾಗಿ ಮೊದಲನೆಯದು. ಆದರೆ ಸಾಮಾನ್ಯ ಜನರು ಭಯಪಡಬೇಕಾದ್ದು ಉಳಿದೆರಡಕ್ಕೆ. ಅದರಲ್ಲೂ ಮೂರನೆಯದಕ್ಕೆ. ಹಾಗಾಗಿ ಇವತ್ತು ಜಾಸ್ತಿ ಹೊತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಕೆಲವು ತಪ್ಪು ಗುರುತುಗಳನ್ನು ಬದಿಗೆ ಸರಿಸೋಣ. ಬ್ಯಾಟರಿ ಬೇಗ ಇಳಿಯುತ್ತೆ, ಫೋನ್ ಬಿಸಿಯಾಗುತ್ತೆ, ಡೇಟಾ ಜಾಸ್ತಿ ಖರ್ಚಾಗುತ್ತೆ, ಕರೆಯಲ್ಲಿ ಗರಗರ ಸದ್ದು ಬರುತ್ತೆ. ಸ್ಪೈವೇರ್ ಲಕ್ಷಣಗಳು ಅಂತ ಎಲ್ಲ ಕಡೆ ಬರೆದಿರುವುದು ಇವನ್ನೇ, ಅಲ್ವಾ? ಫೋನ್ ಬಿಸಿಯಾಗುವುದು ಮೈಗೆ ಜ್ವರ ಬಂದ ಹಾಗೆ. ಕಾರಣ ನೂರಿರುತ್ತದೆ. ಹಳೆಯ ಬ್ಯಾಟರಿ, ಸಿಗ್ನಲ್ ಕಡಿಮೆ ಇರುವ ಜಾಗ, ಹಿಂದೆ ನಡೆಯುತ್ತಿರುವ ಫೋಟೋ ಬ್ಯಾಕಪ್, ಈಗಷ್ಟೇ ಆದ ಅಪ್‌ಡೇಟ್, ಯಾವುದೂ ಆಗಬಹುದು. ಇನ್ನೊಂದು ಕಡೆ, ಚೆನ್ನಾಗಿ ಬರೆದ ಸ್ಪೈವೇರ್ ಬ್ಯಾಟರಿಯನ್ನು ಅಷ್ಟೇನೂ ಮುಟ್ಟುವುದೇ ಇಲ್ಲ. ಹಾಗಾಗಿ ಬಿಸಿಯಾದರೆ ಹೆದರಬೇಡಿ. ತಣ್ಣಗಿದೆ ಅಂತ ನಿಶ್ಚಿಂತೆಯಿಂದಲೂ ಇರಬೇಡಿ.

ಇನ್ನೊಂದು *#21# ಕಥೆ. ಇದನ್ನು ಒತ್ತಿದರೆ ಫೋನ್ ಟ್ಯಾಪ್ ಆಗಿದೆಯೋ ಇಲ್ಲವೋ ಗೊತ್ತಾಗುತ್ತೆ ಅಂತ ವಿಡಿಯೋಗಳು ಸುತ್ತಾಡುತ್ತಿರುತ್ತವೆ. ಅದು ತೋರಿಸುವುದು ಕಾಲ್ ಫಾರ್ವರ್ಡಿಂಗ್ ಮಾತ್ರ. ನಿಮಗೆ ಬರುವ ಕರೆಯನ್ನು ಬೇರೆ ನಂಬರಿಗೆ ತಿರುಗಿಸಿದ್ದಾರಾ ಅನ್ನುವುದಷ್ಟೇ ಅಲ್ಲಿ ಕಾಣುತ್ತದೆ. ಅದೂ ಉಪಯೋಗದ ವಿಷಯವೇ. ಕರೆಯಲ್ಲಿ ಓಟಿಪಿ ಕದಿಯಲು ವಂಚಕರು ಅದೇ ದಾರಿ ಹಿಡಿಯುತ್ತಾರೆ. ಆದರೆ ಸ್ಪೈವೇರಿಗೂ ಆ ಕೋಡಿಗೂ ಸಂಬಂಧವಿಲ್ಲ.

ಒಂದು ಫೋನ್ ಕೊಟ್ಟು ನೋಡಿ ಅಂದರೆ ನಾನು ನೋಡುವುದು ಅನುಮತಿಗಳನ್ನು. ಆ್ಯಪ್ ತನ್ನ ಹೆಸರು ಬದಲಿಸಿಕೊಳ್ಳಬಹುದು, ಐಕಾನ್ ಅಡಗಿಸಬಹುದು. ಆದರೆ ನಿಮ್ಮ ಮೆಸೇಜ್ ಓದಬೇಕಾದರೆ, ನೀವಿರುವ ಜಾಗ ತಿಳಿಯಬೇಕಾದರೆ, ಮೈಕ್ ಕೇಳಬೇಕಾದರೆ ಅದಕ್ಕೆ ಫೋನಿನ ಒಪ್ಪಿಗೆ ಬೇಕು. ಆ ಒಪ್ಪಿಗೆಯ ದಾಖಲೆ ಸೆಟ್ಟಿಂಗ್ಸ್‌ನಲ್ಲಿ ಉಳಿದಿರುತ್ತದೆ. ಇಂಥ ಸಾಮಾನ್ಯ ಸ್ಪೈ ಆ್ಯಪ್‌ಗಳು ಸಿಕ್ಕಿಬೀಳುವುದು ಅಲ್ಲೇ.

ಆಂಡ್ರಾಯ್ಡ್ ಫೋನನ್ನೇ ತೆಗೆದುಕೊಳ್ಳೋಣ. ಕಂಪನಿಯಿಂದ ಕಂಪನಿಗೆ ಮೆನು ಬದಲಾಗುತ್ತದೆ. ಹಾಗಾಗಿ ಸೆಟ್ಟಿಂಗ್ಸ್ ತೆರೆದು, ಮೇಲಿರುವ ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡುವುದೇ ಸುಲಭ. ಮೊದಲು "ಆ್ಯಕ್ಸೆಸಿಬಿಲಿಟಿ" ಅಂತ ಹುಡುಕಿ. ಇದು ಕಣ್ಣು ಕಾಣದವರಿಗೆ, ಕೈ ಆಡಿಸಲು ಕಷ್ಟ ಇರುವವರಿಗೆ ಅಂತ ಮಾಡಿದ ಒಳ್ಳೆಯ ಸೌಲಭ್ಯ. ಪರದೆ ಮೇಲೆ ಇರುವುದನ್ನು ಓದಿ ಹೇಳುವುದು, ಅವರ ಪರವಾಗಿ ಬಟನ್ ಒತ್ತುವುದು ಇದರ ಕೆಲಸ. ಅದೇ ಶಕ್ತಿ ಕೆಟ್ಟ ಆ್ಯಪಿನ ಕೈಗೆ ಸಿಕ್ಕಿದರೆ ನೀವು ಟೈಪ್ ಮಾಡಿದ್ದು, ಓದಿದ್ದು, ನಿಮಗೆ ಬಂದ ಉತ್ತರ ಎಲ್ಲವೂ ಅದಕ್ಕೆ ಕಾಣುತ್ತದೆ. ವಾಟ್ಸ್ಆ್ಯಪ್ ಮೆಸೇಜಿಗೆ ಎಷ್ಟೇ ಬಿಗಿಯಾದ ಗೂಢಲಿಪಿ ಇರಲಿ, ನಿಮ್ಮ ಕಣ್ಣಿಗೆ ಕಾಣುವಾಗ ಅದು ಬಿಡಿಸಿಯೇ ಇರುತ್ತದೆ ತಾನೇ? ಕಳ್ಳ ಆ್ಯಪ್ ಓದುವುದೂ ಅಲ್ಲೇ.

ಆ ಪುಟದಲ್ಲಿ ಡೌನ್‌ಲೋಡ್ ಮಾಡಿದ ಆ್ಯಪ್‌ಗಳ ಒಂದು ಪಟ್ಟಿ ಇರುತ್ತದೆ. ತುಂಬಾ ಜನರ ಫೋನಿನಲ್ಲಿ ಅದು ಖಾಲಿ ಇರುತ್ತದೆ, ಇಲ್ಲವೇ ಪಾಸ್‌ವರ್ಡ್ ಮ್ಯಾನೇಜರಿನಂಥ ಒಂದೆರಡು ಗೊತ್ತಿರುವ ಹೆಸರು ಇರುತ್ತವೆ. ನೀವು ಹಾಕದ ಒಂದು ಹೆಸರು ಅಲ್ಲಿ "ಆನ್" ಅಂತ ಕಂಡರೆ ನಿಲ್ಲಿ. ಆ ಹೆಸರು ಕೆಟ್ಟದಾಗಿ ಏನೂ ಇರುವುದಿಲ್ಲ. "ಸಿಸ್ಟಮ್ ಸರ್ವಿಸ್", "ಸಿಂಕ್", "ವೈಫೈ", "ಬ್ಯಾಟರಿ ಹೆಲ್ಪರ್" ಈ ಥರ ಇರುತ್ತದೆ. ಪಕ್ಕದಲ್ಲಿ ಹಲ್ಲಿನ ಚಕ್ರದ ಚಿತ್ರ. ಕಂಡವರು ಫೋನಿನದೇ ಭಾಗ ಇರಬೇಕು ಅಂತ ಮುಂದೆ ಹೋಗಲಿ ಎಂಬುದೇ ಅದರ ಉದ್ದೇಶ. ನಿಜವಾಗಿ ಫೋನಿನ ಭಾಗವಾಗಿದ್ದರೆ ಅದು "ಡೌನ್‌ಲೋಡ್ ಮಾಡಿದ ಆ್ಯಪ್" ಅನ್ನುವ ತಲೆಬರಹದ ಕೆಳಗೆ ಸಾಮಾನ್ಯವಾಗಿ ಬರುವುದಿಲ್ಲ. ಈ ಸಣ್ಣ ವ್ಯತ್ಯಾಸ ನೆನಪಿರಲಿ.

ಆಮೇಲೆ ಆ್ಯಪ್‌ಗಳ ಪೂರ್ತಿ ಪಟ್ಟಿಗೆ ಹೋಗಿ ಅದೇ ಹೆಸರನ್ನು ತೆರೆಯಿರಿ. ಎರಡು ವಿಷಯ ನೋಡಬೇಕು. ಒಂದು, ಅದಕ್ಕೆ ಕೊಟ್ಟಿರುವ ಅನುಮತಿಗಳು: ಲೊಕೇಶನ್, ಮೈಕ್, ಎಸ್ಸೆಮ್ಮೆಸ್, ಕರೆಗಳ ಪಟ್ಟಿ ಎಲ್ಲವೂ ಒಟ್ಟಿಗೆ ಇವೆಯಾ? ಎರಡು, ಕೆಳಗಿನ ಸಾಲುಗಳಲ್ಲಿ ಆ ಆ್ಯಪ್ ಎಲ್ಲಿಂದ ಬಂತು ಅಂತ ಬರೆದಿರುತ್ತದೆ. ಪ್ಲೇ ಸ್ಟೋರಿನಿಂದ ಬಂದಿದ್ದರೆ ಅದರ ಹೆಸರಿರುತ್ತದೆ. ಬ್ರೌಸರಿನಿಂದಲೋ ಫೈಲ್ ಮ್ಯಾನೇಜರಿನಿಂದಲೋ ಬಂದ "ಸಿಸ್ಟಮ್ ಸರ್ವಿಸ್" ಇದ್ದರೆ ಅನುಮಾನ ಅಲ್ಲಿಗೆ ಮುಗಿಯಿತು ಅಂತಲೇ ನನ್ನ ಲೆಕ್ಕ. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದು ಒತ್ತಲು ಬರದಿದ್ದರೆ, ಅದು ಡಿವೈಸ್ ಅಡ್ಮಿನ್, ಅಂದರೆ ಫೋನನ್ನೇ ನಿಯಂತ್ರಿಸುವ ಅಧಿಕಾರ ತೆಗೆದುಕೊಂಡು ಕೂತಿರಬಹುದು. "ಡಿವೈಸ್ ಅಡ್ಮಿನ್ ಆ್ಯಪ್ಸ್" ಅಂತ ಹುಡುಕಿದರೆ ಆ ಪಟ್ಟಿಯೂ ಸಿಗುತ್ತದೆ. ಕಳೆದ ಫೋನ್ ಹುಡುಕಿಕೊಡುವ ಗೂಗಲ್ ಸೇವೆ, ಆಫೀಸಿನ ಕೆಲಸಕ್ಕೆ ಹಾಕಿದ ಆ್ಯಪ್ ಅಲ್ಲಿ ಇರುವುದು ಸಹಜ.

"ನೋಟಿಫಿಕೇಶನ್ ಆ್ಯಕ್ಸೆಸ್" ಪಟ್ಟಿಯನ್ನು ಜನ ನೋಡುವುದೇ ಇಲ್ಲ. ಈ ಒಂದು ಅನುಮತಿ ಸಿಕ್ಕಿದರೆ ಸಾಕು, ಪರದೆಯ ಮೇಲೆ ಇಣುಕುವ ಎಷ್ಟೋ ಮೆಸೇಜುಗಳನ್ನು, ಓಟಿಪಿಗಳನ್ನು ಓದಬಹುದು. "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಅನ್ನುವಲ್ಲಿ ಬ್ರೌಸರಿಗೋ ಮೆಸೇಜ್ ಆ್ಯಪಿಗೋ ಅನುಮತಿ ಆನ್ ಆಗಿದ್ದರೆ, ಹೊರಗಿನ ಆ್ಯಪ್ ಯಾವಾಗಲೋ ಒಳಗೆ ಬಂದಿರಬಹುದು. ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ "ಪ್ಲೇ ಪ್ರೊಟೆಕ್ಟ್" ತೆರೆಯಿರಿ. ಕೆಟ್ಟ ಆ್ಯಪ್ ಇದೆಯಾ ಅಂತ ಹುಡುಕುವ ಗೂಗಲ್ ಕಾವಲು ಅದು. ಸ್ಕ್ಯಾನ್ ಆಫ್ ಆಗಿದೆಯಾ? ನೀವು ಆಫ್ ಮಾಡಿಲ್ಲವಾ? ಹಾಗಾದರೆ ಬೇರೆ ಯಾರೋ ಮಾಡಿದ್ದಾರೆ. ಇಂಥ ಆ್ಯಪ್ ಮಾರುವವರು ಕೊಡುವ ಸೂಚನೆಗಳಲ್ಲಿ "ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ" ಅನ್ನುವುದು ಇದ್ದೇ ಇರುತ್ತದೆ. ನನ್ನ ಮಟ್ಟಿಗೆ ಬಿಸಿಯಾದ ಬ್ಯಾಟರಿಗಿಂತ ಇದು ಎಷ್ಟೋ ಪಾಲು ದೊಡ್ಡ ಸುಳಿವು.

2021ರ ಆಂಡ್ರಾಯ್ಡ್ 12ರಿಂದ ಈಚೆಗೆ ಕ್ಯಾಮೆರಾ ಅಥವಾ ಮೈಕ್ ಕೆಲಸ ಮಾಡುವಾಗ ಪರದೆಯ ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ. "ಪ್ರೈವಸಿ ಡ್ಯಾಶ್‌ಬೋರ್ಡ್"ನಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಮೈಕ್ ಮುಟ್ಟಿತು, ಲೊಕೇಶನ್ ಕೇಳಿತು ಅಂತ ಸಮಯ ಸಮೇತ ಇರುತ್ತದೆ. ನೀವು ನಿದ್ದೆ ಮಾಡುತ್ತಿದ್ದ ರಾತ್ರಿ ಮೂರು ಗಂಟೆಗೆ ಮೈಕ್ ಆನ್ ಆಗಿತ್ತು ಅಂದರೆ ಆ ಆ್ಯಪಿನ ಹೆಸರು ಬರೆದಿಟ್ಟುಕೊಳ್ಳಿ.

ಹಣ ಕದಿಯುವವರ ಆ್ಯಪ್‌ಗಳೂ ಇದೇ ಜಾಗಗಳಲ್ಲಿ ಸಿಗುತ್ತವೆ. ಪಾರ್ಸೆಲ್ ಬಂದಿದೆ, ಬಿಲ್ಲು ಬಾಕಿಯಿದೆ, ದಂಡ ಕಟ್ಟಿ ಅಂತ ಮೆಸೇಜಿನ ಜತೆ ಬರುವ ಎಪಿಕೆ ಫೈಲು (ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲು) ಕೇಳುವುದೂ ಆ್ಯಕ್ಸೆಸಿಬಿಲಿಟಿಯನ್ನೇ, ಎಸ್ಸೆಮ್ಮೆಸ್ಸನ್ನೇ. 2022ರ ಆಂಡ್ರಾಯ್ಡ್ 13ರಲ್ಲಿ ಗೂಗಲ್ ಒಂದು ತಡೆ ಹಾಕಿತು. ಹೀಗೆ ಹೊರಗಿನಿಂದ ಹಾಕಿದ ಆ್ಯಪಿಗೆ ಆ್ಯಕ್ಸೆಸಿಬಿಲಿಟಿ ಕೊಡಲು ಹೋದರೆ "ರಿಸ್ಟ್ರಿಕ್ಟೆಡ್ ಸೆಟ್ಟಿಂಗ್" ಅಂತ ಫೋನ್ ನಿಲ್ಲಿಸುತ್ತದೆ. ಆ ತಡೆಯನ್ನು ಹೇಗೆ ದಾಟಬೇಕು ಅಂತ ಯಾರಾದರೂ ಫೋನಿನಲ್ಲಿ ಹೇಳಿಕೊಡಲು ಬಂದರೆ ಕರೆ ಕಟ್ ಮಾಡಿ. ಪ್ರಾಮಾಣಿಕರು ಯಾರೂ ಅದನ್ನು ಹೇಳಿಕೊಡುವುದಿಲ್ಲ.

ಐಫೋನಿಗೆ ಬರೋಣ. ಐಫೋನಿನಲ್ಲಿ ಗುಟ್ಟಾಗಿ ಆ್ಯಪ್ ಹಾಕುವುದು ಸುಲಭವಲ್ಲ. ಹಾಗಾಗಿ ಹತ್ತಿರದವರು ಹಾಕುವ ಕಣ್ಣು ಅಲ್ಲಿ ಬೇರೆ ದಾರಿಯಲ್ಲಿ ಬರುತ್ತದೆ. ಅವರಿಗೆ ಬೇಕಾದ್ದು ನಿಮ್ಮ ಆಪಲ್ ಖಾತೆಯ ಪಾಸ್‌ವರ್ಡ್, ಮತ್ತು ಪರಿಶೀಲನೆ ಕೋಡ್ ಬಂದಾಗ ಒಂದು ನಿಮಿಷ ನಿಮ್ಮ ಫೋನ್. ಅಷ್ಟಾದರೆ ಐಕ್ಲೌಡ್ ಮೂಲಕ ನಿಮ್ಮ ಬ್ಯಾಕಪ್, ಫೋಟೋ, ನೀವಿರುವ ಜಾಗ ಎಲ್ಲ ಅವರ ಕಂಪ್ಯೂಟರಿನಲ್ಲೇ ಕಾಣುತ್ತದೆ. ನಿಮ್ಮ ಫೋನಿನಲ್ಲಿ ಏನೂ ಇರುವುದಿಲ್ಲ. ಎಷ್ಟು ಸ್ಕ್ಯಾನ್ ಮಾಡಿದರೂ ಏನೂ ಸಿಗುವುದಿಲ್ಲ, ಯಾಕೆಂದರೆ ಸಿಗಲು ಅಲ್ಲಿ ಏನೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೇಲೆ ನಿಮ್ಮ ಹೆಸರಿನ ಮೇಲೆ ಒತ್ತಿ ಕೆಳಗೆ ಬನ್ನಿ. ನಿಮ್ಮ ಖಾತೆಯಲ್ಲಿರುವ ಸಾಧನಗಳೆಲ್ಲ ಅಲ್ಲಿವೆ. ನಿಮ್ಮದಲ್ಲದ ಒಂದು ಲ್ಯಾಪ್‌ಟಾಪ್, ಒಂದು ಹಳೆಯ ಐಪ್ಯಾಡ್ ಇದೆಯಾ ನೋಡಿ. "ಟ್ರಸ್ಟೆಡ್ ಫೋನ್ ನಂಬರ್", ಅಂದರೆ ಪರಿಶೀಲನೆ ಕೋಡ್ ಬರುವ ನಂಬರ್, ಯಾರದ್ದಿದೆ ನೋಡಿ. "ಜನರಲ್" ಒಳಗಿನ "ವಿಪಿಎನ್ ಆ್ಯಂಡ್ ಡಿವೈಸ್ ಮ್ಯಾನೇಜ್‌ಮೆಂಟ್" ತೆರೆದಾಗ, ಆಫೀಸಿನವರೋ ಶಾಲೆಯವರೋ ಕೊಡದ ಫೋನಿನಲ್ಲಿ ಯಾವುದೋ ಪ್ರೊಫೈಲ್ (ಫೋನನ್ನು ದೂರದಿಂದ ನಿಯಂತ್ರಿಸಲು ಬಿಡುವ ಸೆಟ್ಟಿಂಗ್) ಕಂಡರೆ ಅದು ಅಲ್ಲಿರಬೇಕಾದ್ದಲ್ಲ. 2022ರ ಐಒಎಸ್ 16ರಲ್ಲಿ ಬಂದ "ಸೇಫ್ಟಿ ಚೆಕ್" ಈ ಕೆಲಸಕ್ಕೆಂದೇ ಮಾಡಿದ್ದು. ನೀವು ಯಾರಿಗೆ ಏನೇನು ಹಂಚಿಕೊಂಡಿದ್ದೀರಿ ಅಂತ ಒಂದೇ ಕಡೆ ತೋರಿಸುತ್ತದೆ. ಯಾರಾದರೂ ಕೋಣೆಗೆ ಬಂದರೆ ಆ ಪುಟದಿಂದ ತಟ್ಟನೆ ಹೊರಬರಲು "ಕ್ವಿಕ್ ಎಕ್ಸಿಟ್" ಬಟನ್ನೂ ಇಟ್ಟಿದ್ದಾರೆ. ಇದನ್ನು ಬಳಸುವವರ ಕಷ್ಟ ಅರಿತ ಯಾರೋ ಅದನ್ನು ಮಾಡಿದ್ದಾರೆ ಅಂತ ಅನ್ನಿಸುತ್ತದೆ.

ಖಾತೆಯ ಮಾತು ಆಂಡ್ರಾಯ್ಡಿಗೂ ಅಷ್ಟೇ ನಿಜ. ಗೂಗಲ್ ಖಾತೆಯ "ಸೆಕ್ಯುರಿಟಿ" ಪುಟದಲ್ಲಿ "ಯುವರ್ ಡಿವೈಸಸ್" ಇದೆ. ಗೂಗಲ್ ಮ್ಯಾಪ್ಸ್‌ನಲ್ಲಿ "ಲೊಕೇಶನ್ ಶೇರಿಂಗ್" ಇದೆ. ವಾಟ್ಸ್ಆ್ಯಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ಇದೆ. ಮುಖ್ಯ ಫೋನಿನ ಜತೆ ಇನ್ನೂ ನಾಲ್ಕು ಸಾಧನಗಳನ್ನು ಜೋಡಿಸಬಹುದು. ಜೋಡಿಸಲು ನಿಮ್ಮ ಫೋನ್ ಅರ್ಧ ನಿಮಿಷ ಕೈಗೆ ಸಿಕ್ಕಿದರೆ ಸಾಕು. ಆಮೇಲೆ ನಿಮ್ಮ ಫೋನ್ ಆಫ್ ಇದ್ದರೂ ಅವರ ಕಂಪ್ಯೂಟರಿಗೆ ನಿಮ್ಮ ಮೆಸೇಜ್ ಹೋಗುತ್ತಿರುತ್ತದೆ. ಆ ಪುಟದಲ್ಲಿ ಪ್ರತಿ ಸಾಧನ ಕೊನೆಗೆ ಯಾವಾಗ ಬಳಕೆಯಾಯಿತು ಅಂತ ಬರೆದಿರುತ್ತದೆ. ನೀವು ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ತೆರೆದೇ ಇಲ್ಲ, ಆದರೆ ಅಲ್ಲಿ ಬ್ರೌಸರ್ ಒಂದು "ಇವತ್ತು" ಅಂತ ತೋರಿಸುತ್ತಿದೆ ಅಂದರೆ ಉತ್ತರ ಸಿಕ್ಕಿತು.

ಹಾಗೇ ಬೆರಳಚ್ಚು. ಫೋನಿನಲ್ಲಿ ಎಷ್ಟು ಬೆರಳು ದಾಖಲಾಗಿವೆ ಅಂತ ಎಣಿಸಿ. ಐಫೋನಿನಲ್ಲಿ ಎರಡನೆಯ ಮುಖವನ್ನೂ ಸೇರಿಸಬಹುದು. ಲೆಕ್ಕ ಸರಿಹೋಗದಿದ್ದರೆ ಎಲ್ಲ ಅಳಿಸಿ ನಿಮ್ಮದನ್ನು ಮಾತ್ರ ಮತ್ತೆ ಹಾಕಿ. ಒಳ್ಳೆ ಒಳ್ಳೆ ಸ್ಕ್ಯಾನರ್ ಆ್ಯಪ್‌ಗಳ ಬಗ್ಗೆ ಗಂಟೆಗಟ್ಟಲೆ ಕೇಳುವವರೂ ಇದನ್ನು ನೋಡಿರುವುದಿಲ್ಲ.

ಈಗ ಪೆಗಾಸಸ್ ಮಾತು. ಇಸ್ರೇಲಿನ ಎನ್‌ಎಸ್‌ಒ ಗ್ರೂಪ್ ಮಾಡಿದ ಈ ಸ್ಪೈವೇರ್ ಹೊರಜಗತ್ತಿಗೆ ಸಿಕ್ಕಿಬಿದ್ದದ್ದು 2016ರ ಆಗಸ್ಟಿನಲ್ಲಿ. ಯುಎಇಯ ಮಾನವ ಹಕ್ಕು ಹೋರಾಟಗಾರ ಅಹ್ಮದ್ ಮನ್ಸೂರ್ ಅವರಿಗೆ ಎರಡು ಎಸ್ಸೆಮ್ಮೆಸ್ ಬಂದವು. ಜೈಲುಗಳಲ್ಲಿ ನಡೆಯುವ ಹಿಂಸೆಯ ಗುಟ್ಟು ಇದೆ, ಲಿಂಕ್ ಒತ್ತಿ ಅಂತ. ಅವರು ಒತ್ತಲಿಲ್ಲ. ಮೆಸೇಜನ್ನು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಆ ಒಂದು ಲಿಂಕಿನಿಂದ ಐಫೋನಿನ ಮೂರು ಗುಪ್ತ ದೋಷಗಳು ಬೆಳಕಿಗೆ ಬಂದವು. ಆಪಲ್ ಐಒಎಸ್ 9.3.5 ಬಿಡುಗಡೆ ಮಾಡಿ ಅವನ್ನು ಮುಚ್ಚಿತು. ಒಬ್ಬರು ಅನುಮಾನಪಟ್ಟು ಕೈ ತಡೆದದ್ದರಿಂದ ಜಗತ್ತಿನ ಐಫೋನುಗಳಿಗೆಲ್ಲ ರಕ್ಷಣೆ ಸಿಕ್ಕಿತು.

ಆಮೇಲಿನ ದಾಳಿಗಳಲ್ಲಿ ಒತ್ತುವ ಅಗತ್ಯವೂ ಇಲ್ಲದಾಯಿತು. 2019ರಲ್ಲಿ ವಾಟ್ಸ್ಆ್ಯಪ್ ಕರೆ ಬಂದರೆ ಸಾಕಿತ್ತು, ಎತ್ತದಿದ್ದರೂ ಸ್ಪೈವೇರ್ ಒಳಗೆ ಬರುತ್ತಿತ್ತು. ಸುಮಾರು 1,400 ಜನ ಗುರಿಯಾಗಿದ್ದರು ಅಂತ ವಾಟ್ಸ್ಆ್ಯಪ್ ಹೇಳಿತು. ಇಂಥದ್ದನ್ನು ನಾನು ಈಗ ಹೇಳಿದ ಯಾವ ಪಟ್ಟಿಯಲ್ಲೂ ಹಿಡಿಯಲು ಆಗುವುದಿಲ್ಲ. ಅದು ಅನುಮತಿ ಕೇಳುವುದಿಲ್ಲ, ದೋಷದ ಮೂಲಕ ಕಿತ್ತುಕೊಳ್ಳುತ್ತದೆ. 2021ರ ಜುಲೈನಲ್ಲಿ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿಯ ಸೆಕ್ಯುರಿಟಿ ಲ್ಯಾಬ್ ಎಂವಿಟಿ ಎಂಬ ಉಚಿತ ಸಾಧನ ಬಿಟ್ಟಿತು. ಫೋನಿನ ಬ್ಯಾಕಪ್ಪನ್ನು ಕಂಪ್ಯೂಟರಿನಲ್ಲಿ ಇಟ್ಟು, ಗೊತ್ತಿರುವ ದಾಳಿಗಳ ಗುರುತುಗಳ ಜತೆ ಹೋಲಿಸಿ ನೋಡುತ್ತದೆ. ಅದು ಆ್ಯಪ್ ಅಲ್ಲ. ಕಮಾಂಡ್ ಟೈಪ್ ಮಾಡಿ ನಡೆಸಬೇಕು, ಫಲಿತಾಂಶ ಓದಲು ಅನುಭವ ಬೇಕು. ಐಫೋನಿನಲ್ಲಿ ಸಿಗುವಷ್ಟು ಸುಳಿವು ಆಂಡ್ರಾಯ್ಡಿನಲ್ಲಿ ಸಿಗುವುದಿಲ್ಲ. ಏನೂ ಸಿಗಲಿಲ್ಲ ಅಂದರೆ "ಗೊತ್ತಿರುವ ಗುರುತು ಇಲ್ಲ" ಅಂತ ಅರ್ಥ, ಅಷ್ಟೇ.

ನೀವು ಪತ್ರಕರ್ತರೋ, ಹೋರಾಟಗಾರರೋ, ಅಂಥವರ ವಕೀಲರೋ ಆಗಿದ್ದರೆ ಒಬ್ಬರೇ ಹುಡುಕಲು ಹೋಗಬೇಡಿ. ಆ್ಯಕ್ಸೆಸ್ ನೌ ಸಂಸ್ಥೆಯ ಡಿಜಿಟಲ್ ಸೆಕ್ಯುರಿಟಿ ಹೆಲ್ಪ್‌ಲೈನ್ ಇಂಥವರಿಗೆಂದೇ ಹಗಲೂ ರಾತ್ರಿ, ಉಚಿತವಾಗಿ ಕೆಲಸ ಮಾಡುತ್ತದೆ. ಐಫೋನಿನಲ್ಲಿ "ಲಾಕ್‌ಡೌನ್ ಮೋಡ್" ಆನ್ ಮಾಡಿ; ದಾಳಿಗೆ ದಾರಿಯಾಗಬಲ್ಲ ಕೆಲವು ಸೌಲಭ್ಯಗಳನ್ನು ಅದು ಮುಚ್ಚಿಡುತ್ತದೆ. ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಿ. ವಾರಕ್ಕೊಮ್ಮೆ ಫೋನ್ ಆಫ್ ಮಾಡಿ ಆನ್ ಮಾಡಿ ಅಂತ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಕೂಡ ಹೇಳಿದೆ. ಕೇಳಲು ತೀರಾ ಸಣ್ಣದು. ಆದರೆ ಇಂಥ ಎಷ್ಟೋ ಸ್ಪೈವೇರ್ ಮೆಮೊರಿಯಲ್ಲಷ್ಟೇ ಬದುಕುತ್ತದೆ, ಫೋನ್ ಆಫ್ ಆದರೆ ಹೋಗುತ್ತದೆ. ದಾಳಿ ಮಾಡುವವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಆಪಲ್ 2021ರಿಂದ ಇಂಥ ದಾಳಿಗೆ ಗುರಿಯಾದವರಿಗೆ ಎಚ್ಚರಿಕೆ ಕಳಿಸುತ್ತಿದೆ. ನಕಲಿ ಎಚ್ಚರಿಕೆಗಳೂ ಬರುತ್ತವೆ. ಗುರುತು ಹಿಡಿಯುವುದು ಸುಲಭ. ಅಸಲಿ ಎಚ್ಚರಿಕೆ ಲಿಂಕ್ ಒತ್ತಲು, ಆ್ಯಪ್ ಹಾಕಲು, ಪಾಸ್‌ವರ್ಡ್ ಕೊಡಲು ಹೇಳುವುದೇ ಇಲ್ಲ. ನೀವಾಗಿಯೇ ಆಪಲ್ ಖಾತೆಯ ಪುಟಕ್ಕೆ ಹೋಗಿ ಲಾಗಿನ್ ಆದರೆ ಅದು ಮೇಲೆಯೇ ಕಾಣುತ್ತದೆ.

ಈಗ ಮೊದಲಿಗೆ ಹೇಳಿದ ಕೋರಿಕೆಗೆ ಬರುತ್ತೇನೆ. ಪತ್ತೆಯಾಯಿತು ಅಂತಿಟ್ಟುಕೊಳ್ಳಿ. ತಕ್ಷಣ ಕಿತ್ತುಹಾಕಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಿತ್ತ ಕ್ಷಣ ಆ ಕಡೆಯವರಿಗೆ ಮಾಹಿತಿ ನಿಲ್ಲುತ್ತದೆ, ನಿಮಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗುತ್ತದೆ. ಅದೇ ಫೋನಿನಲ್ಲಿ "ಸ್ಪೈವೇರ್ ತೆಗೆಯುವುದು ಹೇಗೆ" ಅಂತ ಹುಡುಕಿದರೆ ಅದೂ ಅವರಿಗೆ ಕಾಣಬಹುದು. ಕಣ್ಣಿಟ್ಟವರು ಕೈ ಎತ್ತುವ ಸ್ವಭಾವದವರಾಗಿದ್ದರೆ ಇದರಿಂದ ಅಪಾಯ ಹೆಚ್ಚಾಗುತ್ತದೆ. ಕೌಟುಂಬಿಕ ಹಿಂಸೆಗೆ ಸಿಕ್ಕವರ ಜತೆ ಕೆಲಸ ಮಾಡುವವರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ. ನಾನೂ ದನಿಗೂಡಿಸುತ್ತೇನೆ.

ಹಾಗಾಗಿ ಮೊದಲು ಅವರು ಎಂದೂ ಮುಟ್ಟದ ಬೇರೆ ಸಾಧನ ಬೇಕು. ನಂಬಿಕೆಯ ಗೆಳೆಯರದ್ದೋ ಗ್ರಂಥಾಲಯದ್ದೋ ಆಗಬಹುದು. ಅಲ್ಲಿಂದ ಸಹಾಯವಾಣಿಗೋ ವಕೀಲರಿಗೋ ಮಾತಾಡಿ. ಸಾಕ್ಷಿ ಬೇಕಾಗುತ್ತದೆ. ಸ್ಕ್ರೀನ್‌ಶಾಟ್ ತೆಗೆದರೆ ಅದೂ ಅವರಿಗೆ ತಲುಪಬಹುದು. ಅದರ ಬದಲು ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆದುಕೊಳ್ಳಿ. ಪಾಸ್‌ವರ್ಡ್ ಬದಲಿಸುವುದೂ ಆ ಬೇರೆ ಸಾಧನದಿಂದಲೇ. ಕಣ್ಣಿರುವ ಫೋನಿನಲ್ಲಿ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಹೊಸದೂ ಅವರ ಕೈಗೆ ಹೋಯಿತು. ನೀವು ಸುರಕ್ಷಿತವಾಗಿದ್ದೀರಿ ಅಂತ ಖಾತ್ರಿಯಾದ ಮೇಲೆ ಕಿತ್ತುಹಾಕುವ ಕೆಲಸ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

"ಫ್ಯಾಕ್ಟರಿ ರೀಸೆಟ್ ಮಾಡಿದರೆ ಎಲ್ಲ ಹೋಗುತ್ತಾ?" ಅಂತ ಒಬ್ಬರು ಕೇಳಿದರು. ಫೋನನ್ನು ಪೂರ್ತಿ ಅಳಿಸಿ ಹೊಸದರ ಹಾಗೆ ಮಾಡುವುದು ಅದು. ಹತ್ತಿರದವರು ಹಾಕುವ ಸಾಮಾನ್ಯ ಸ್ಪೈ ಆ್ಯಪ್ ಹೋಗುತ್ತದೆ. ಆದರೆ ಹಳೆಯ ಬ್ಯಾಕಪ್ಪಿನಿಂದ ಆ್ಯಪ್‌ಗಳನ್ನೆಲ್ಲ ಹಾಗೇ ಮರಳಿ ತರಬೇಡಿ. ಬೇಕಾದ್ದನ್ನು ಸ್ಟೋರಿನಿಂದ ಒಂದೊಂದೇ ಹಾಕಿಕೊಳ್ಳಿ. ಖಾತೆಯ ಪಾಸ್‌ವರ್ಡ್ ಬದಲಿಸದಿದ್ದರೆ ರೀಸೆಟ್‌ನಿಂದ ಏನೂ ಲಾಭವಿಲ್ಲ. ಸಾಕ್ಷಿಯೂ ಅಳಿಸಿಹೋಗುತ್ತದೆ ಅನ್ನುವುದನ್ನು ಮರೆಯಬೇಡಿ.

"ಆ್ಯಂಟಿವೈರಸ್ ಸಾಕಲ್ವಾ?" ಹೆಸರಿರುವ ಕಂಪನಿಯದ್ದಾದರೆ ಒಮ್ಮೆ ಓಡಿಸಿ ನೋಡಿ, ತಪ್ಪಿಲ್ಲ. ಆದರೆ ಎಷ್ಟೋ ಸ್ಪೈ ಆ್ಯಪ್‌ಗಳು ಮಕ್ಕಳ ಮೇಲೆ ನಿಗಾ ಇಡುವ ಆ್ಯಪ್ ಅನ್ನುವ ವೇಷದಲ್ಲಿರುತ್ತವೆ. ಕೆಲವು ಸ್ಕ್ಯಾನರ್‌ಗಳು ಅವನ್ನು ಬಿಟ್ಟುಬಿಡುತ್ತವೆ.

ಕೊನೆಯ ಪ್ರಶ್ನೆ ಒಬ್ಬ ತಂದೆಯದು. "ಮಗಳ ಒಳ್ಳೆಯದಕ್ಕೆ ಅಂತ ನಾನೇ ಅವಳ ಫೋನಿಗೆ ಹಾಕಿದರೆ ತಪ್ಪಾ ಸರ್?" ಅವರು ಪ್ರೀತಿಯಿಂದಲೇ ಕೇಳಿದರು. ಹಾಗಾಗಿ ನಾನೂ ನೇರವಾಗಿ ಹೇಳಿದೆ. ಅವಳಿಗೆ ಹೇಳಿ, ಒಪ್ಪಿಸಿ, ಫೋನಿನಲ್ಲೇ ಬರುವ ಕುಟುಂಬದ ಸೌಲಭ್ಯಗಳನ್ನು ಬಳಸಿ. ಗುಟ್ಟಾಗಿ ಹಾಕುವ ಆ್ಯಪ್ ಬೇಡವೇ ಬೇಡ. ಅವಳ ಫೋಟೋ, ಮೆಸೇಜ್, ಅವಳು ಓಡಾಡುವ ಜಾಗ ನಿಮ್ಮೊಬ್ಬರಿಗೇ ಬರುವುದಿಲ್ಲ. ಆ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ನಿಮಗೆ ಬರುತ್ತದೆ. ಇಂಥ ಕಂಪನಿಗಳಿಂದ ಮಾಹಿತಿ ಸೋರಿದ್ದು ಒಂದೆರಡು ಸಲವಲ್ಲ. 2021ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸ್ಪೈಫೋನ್ ಎಂಬ ಕಂಪನಿಯನ್ನು ಈ ವ್ಯಾಪಾರದಿಂದಲೇ ನಿಷೇಧಿಸಿತು. ಕದ್ದು ಸೇರಿಸಿದ ಮಾಹಿತಿ ಅಳಿಸಿ, ಯಾರ ಫೋನಿನಲ್ಲಿ ಆ್ಯಪ್ ಇತ್ತೋ ಅವರಿಗೆ ತಿಳಿಸಿ ಅಂತ ಆದೇಶಿಸಿತು. ಪಿಸಿಟ್ಯಾಟಲ್‌ಟೇಲ್ ಎಂಬ ಇನ್ನೊಂದು ಕಂಪನಿ 2024ರಲ್ಲಿ ಹ್ಯಾಕ್ ಆಗಿ ಬಾಗಿಲು ಮುಚ್ಚಿತು. ಮಗಳು ಎಲ್ಲಿದ್ದಾಳೆ ಅಂತ ನಿಮಗೆ ಗೊತ್ತಾಗಲಿ ಅಂತ ಹಾಕಿದ ಆ್ಯಪ್, ನಿಮಗೆ ಪರಿಚಯವೇ ಇಲ್ಲದವರಿಗೂ ಅದನ್ನು ತಿಳಿಸಬಹುದು.

ಅವರು ಸ್ವಲ್ಪ ಹೊತ್ತು ಯೋಚಿಸಿ, ಈಗಾಗಲೇ ಹಾಕಿದ್ದರೆ ಏನು ಮಾಡಬೇಕು ಅಂತ ಕೇಳಿದರು. ಮೊದಲು ಮಗಳಿಗೆ ಹೇಳಿ, ಅವಳ ಎದುರಿಗೇ ತೆಗೆಯಿರಿ ಅಂದೆ. ಆಮೇಲೆ ಆ ಕಂಪನಿಯಲ್ಲಿ ನಿಮ್ಮ ಹೆಸರಿನಲ್ಲಿರುವ ಖಾತೆಯನ್ನೂ ಅಳಿಸಿ, ಅಲ್ಲಿ ಸೇರಿರುವ ಅವಳ ಮಾಹಿತಿಯನ್ನೆಲ್ಲ ತೆಗೆದುಹಾಕಿ ಅಂತ ಬರೆದು ಕೇಳಿ.